ಬಾಗಿಲ ಮರೆಯ ಆರೈಕೆ

೧೮-೧೧-೧೯೩೬, ಬುಧವಾರ. ಕುಷ್ಟಗಿ

ಇವತ್ತೂ ಸೌತೆಕಾಯಿ. ಎರಡು ಬಿಲ್ಲೆ, ಎರಡು ಕಣ್ಣಿಗೆ. ಅಂಗಾತ ಮಲಗಿದ್ದೆ, ಮೂಗಿನ ಮೇಲೆ ನೊಣ ಕೂತಿತು. ಓಡಿಸಲು ಕೈ ಎತ್ತಿದೆ, ಬಿಲ್ಲೆ ಜಾರಿ ಕಿವಿಯೊಳಗೆ ನೀರು. ಮೂವತ್ತು ದಾಟಿದ ಸಾಲಿ ಮಾಸ್ತರ! ಹುಡುಗರು ನೋಡಿದರೆ ನಾಳೆಯಿಂದ ಕ್ಲಾಸಿನಲ್ಲಿ ಒಬ್ಬನೂ ಹೆದರುವುದಿಲ್ಲ.

ಬಾಗಿಲ ಹಿಂದಿನಿಂದ ಅತ್ತೆಯ ದನಿ: "ಅಳಿಯಾರು ಅಲಗಾಡಬಾರದಂತ. ತಂಪು ಒಳಗ ಇಳೀಬೇಕು."

ನನಗೆ ನೇರವಾಗಿ ಹೇಳುವುದಿಲ್ಲ. ಬಾಗಿಲಿಗೆ, ಒಲೆಗೆ, ಬೆಕ್ಕಿಗೆ ಹೇಳುತ್ತಾರೆ. ನಾನು ಕೇಳಿಸಿಕೊಳ್ಳಬೇಕು. ಅತ್ತೆಯಾದವಳು ಅಳಿಯನಿಗೆ ಮುಖ ತೋರಿಸಬಾರದು, ಎದುರು ನಿಂತು ಮಾತಾಡಬಾರದು. ಹೆಂಡತಿ ಪಂಪಾವತಿ ಇದ್ದಾಗ ಅವಳೇ ನಡುವೆ ನಿಂತು ಮಾತು ದಾಟಿಸುತ್ತಿದ್ದಳು. ಅವಳು ತೀರಿಹೋಗಿ ಹತ್ತು ತಿಂಗಳು. ಈಗ ಮನೆಯಲ್ಲಿ ಎರಡು ಜೀವ, ನಡುವೆ ಒಂದು ಬಾಗಿಲು. ಅತ್ತೆ ಕಳಕಮ್ಮನವರು ತಾಟು ಬಡಿಸಿಟ್ಟು ಒಳಗೆ ಸರಿಯುತ್ತಾರೆ. ಬಳೆ ಇಲ್ಲದ ಕೈ ಮಾತ್ರ ಕಾಣುತ್ತದೆ. ಇಷ್ಟು ವರ್ಷದ ಅಳಿಯ ನಾನು, ಅವರ ಮುಖ ನೆಟ್ಟಗೆ ನೋಡಿಲ್ಲ.

"ಮಗಳನ್ನ ನೆನಸಿ ನೆನಸಿ ನಿದ್ದಿಗೆಟ್ಟಾರ ಅಳಿಯಾರು. ಕಣ್ಣ ಕೆಳಗ ಹೆಂಗ ಕಪ್ಪಾಗೈತಿ. ಬಾಗಿಲ ಸಂದಿಲಿಂದ ನೋಡೀನಲ್ಲ ನಾನು" ಅಂದರು. ದನಿ ಒದ್ದೆಯಾಗಿತ್ತು.

ನಿದ್ದೆ ಕೆಟ್ಟಿರುವುದು ನಿಜ. ಪಂಪಾವತಿಗಾಗಿ ಅಲ್ಲ. ದೊಡ್ಡಬಸಪ್ಪ ಕಾಕಾ ಕನಕಗಿರಿಯಿಂದ ಒಂದು ಹೆಣ್ಣಿನ ಮಾತು ತಂದಾಗಿನಿಂದ... ಬರೆಯಲೂ ನಾಚಿಕೆ.

೨೦-೧೧, ಶುಕ್ರವಾರ

ನಿಜಾಮ ಸರ್ಕಾರದ ಸಾಲಿಗೆ ಶುಕ್ರವಾರವೇ ರಜೆ. ಕಾಕಾ ಯಲಬುರ್ಗಿಯಿಂದ ಬಂದ. ಮನೆಯೊಳಗೆ ಆಡುವ ಮಾತಲ್ಲ. ಕೆರೆಯ ಕಡೆ ನಡೆದೆವು.

"ಹುಡುಗಿ ತಂದಿ ಈಶಪ್ಪಗ ಎಲ್ಲಾ ಒಪ್ಪಿಗಿ ಐತಿ," ಅಂದ ಕಾಕಾ. "ಅರಿವಿ ವ್ಯಾಪಾರ, ಛಲೋ ಮಂದಿ. ಒಂದ ಅನುಮಾನ ನೋಡು. ಮೊದಲನ್ಯಾಕಿ ಕ್ಷಯದಾಗ ಹೋದಳು, ಗಂಡಗೂ ಹತ್ತೈತೇನು ಅಂತ ಕೇಳ್ತಾರ. ನಿನ್ನ ಮಾರಿ ನೋಡಿದ್ರ ನನಗೂ ಹಂಗ ಅನ್ನಸ್ತೈತಿ."

"ನನಗೇನೂ ಆಗಿಲ್ಲ ಕಾಕಾ. ಕೆಮ್ಮಿಲ್ಲ, ಜ್ವರ ಇಲ್ಲ."

"ಅದನ್ನ ಆ ಕಣ್ಣ ಕೆಳಗಿನ ಕಪ್ಪಿಗೆ ಹೇಳು. ಮುಂದಿನ ತಿಂಗಳ ನಾಲ್ಕಕ್ಕ ಬರ್ತಾರ, ನಿನ್ನನ್ನೂ ನೋಡಾಕ, ಮನೀನೂ ನೋಡಾಕ. ಹುಡುಗಿ ಅಜ್ಜಿ ಮುದುಕಮ್ಮ ಬರ್ತಾಳ. ಭಾಳ ಸೂಕ್ಷ್ಮ ಆಕಿ. ಮತ್ತ... ಅವತ್ತು ನಿಮ್ಮತ್ತಿನ್ನ ಎಲ್ಲ್ಯಾರ ಕಳಸು. ಸತ್ತಾಕಿ ತಾಯಿ ಒಳಗ ಕುಂತಾಳ ಅಂದ್ರ ಯಾವ ತಂದಿ ಹೆಣ್ಣು ಕೊಡ್ತಾನ?"

ಎಲ್ಲಿಗೆ ಕಳಿಸಲಿ? ಗಂಡನಿಲ್ಲ, ಮಗನಿಲ್ಲ. ಇದ್ದೊಬ್ಬ ಮಗಳ ಔಷಧಕ್ಕೆ ಹಿಟ್ನಾಳದ ಮನೆಯನ್ನೇ ಮಾರಿ ಬಂದವರು. ನನ್ನ ಮನೆ ಬಿಟ್ಟರೆ ಗುಡಿಯ ಕಟ್ಟೆಯೇ ಗತಿ. ಇದೆಲ್ಲ ಕಾಕಾನಿಗೂ ಗೊತ್ತು.

"ನೋಡೂಣಂತ" ಎಂದೆ. ಅಷ್ಟೇ ಎಂದೆ.

೨೧-೧೧, ಶನಿವಾರ

ಇವತ್ತು ಹೇಳಿಬಿಡಬೇಕು ಅಂತ ಎದ್ದೆ. ಬಾಗಿಲ ತನಕ ಹೋದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ.

"ಅತ್ತಿ, ನಾಲ್ಕನೇ ತಾರೀಖಿಗೆ..." ಎಂದೆ. ಸಪ್ಪಳ ನಿಂತಿತು. "ನಾಲ್ಕನೇ ತಾರೀಖಿಗೆ ಸಾಲಿ ಇನ್ಸ್‌ಪೆಕ್ಟರ್ ಸಾಹೇಬರು ಮನಿಗೆ ಊಟಕ್ಕ ಬರ್ತಾರ. ಅವರ ಕೂಡ ಒಂದಿಬ್ಬರು."

ಎಲ್ಲಿಂದ ಬಂತೋ ಆ ಸುಳ್ಳು. ಇಷ್ಟು ಸಲೀಸಾಗಿ!

"ಅಯ್ಯ ನಮ್ಮ ಶಿವನ! ಸಾಹೇಬ್ರ ಮುಂದ ಈ ಕಣ್ಣು ಹೊತ್ಕೊಂಡು ನಿಂದರತಾರೇನು ಅಳಿಯಾರು? ಕುಡದು ಬಂದಾನ ಅಂತಾರ. ಇವತ್ತಿಂದ ಚಾ ಬಂದ್. ಆ ಕಪ್ಪು ತೆಗಿಯೂದು ನನಗ ಬಿಟ್ಟದ್ದು."

ಹೂಂ ಎಂದೆ. ಥೂ.

೨೪-೧೧, ಮಂಗಳವಾರ

ದಿನಾ ಇದೇ ಡ್ಯೂಟಿ. ಎದ್ದ ಕೂಡಲೇ ಮಡಕೆಯ ನೀರಿನ ಒದ್ದೆ ಬಟ್ಟೆ ಕಣ್ಣಿಗೆ. ಸಾಲಿಯಿಂದ ಬಂದ ಮೇಲೆ ಸೌತೆಕಾಯಿ. ಮಲಗುವ ಮುಂದೆ ನೆನೆಸಿದ ಬಾದಾಮಿ, ಹಸಿಹಾಲಿನಲ್ಲಿ ತೇಯ್ದದ್ದು, ಕಣ್ಣ ಕೆಳಗೆ ತೆಳ್ಳಗೆ. ನೆತ್ತಿಗೂ ಅಂಗಾಲಿಗೂ ಔಡಲೆಣ್ಣೆ. ಬಟ್ಟಲು ಹೊಸ್ತಿಲ ಮೇಲೆ ಬರುತ್ತದೆ, ಹುಕುಂ ಬಾಗಿಲ ಹಿಂದಿನಿಂದ ಬರುತ್ತದೆ. "ಒತ್ತಿ ತಿಕ್ಕಬಾರದು. ಅಲ್ಲಿ ಚರ್ಮ ಭಾಳ ತೆಳು. ಉಂಗುರ ಬೆರಳಿಂದ ಮೆಲ್ಲಕ."

ಬಾದಾಮಿ ಎಲ್ಲಿಂದ ಬರುತ್ತಿದೆ ಅಂತ ಯೋಚಿಸಿರಲಿಲ್ಲ. ಸಂಜೆ ಶಫೀಸಾಬನ ಕಿರಾಣಿ ಅಂಗಡಿಗೆ ಹೋಗಿದ್ದೆ.

"ಮಾಸ್ತರ್ರ, ನಸೀಬವಾನ್ ಅದೀರಿ ನೀವು," ಅಂದ. "ನಿಮ್ಮತ್ತಿಯಾರು ತಮ್ಮ ಎಲಿ ಅಡಿಕಿ ಬಿಟ್ಟು ಬಾದಾಮ್ ಒಯ್ಯಾಕತ್ಯಾರ. ಅಳಿಯಾಗ ಹಿಂಗ ಮಾಡೋರ್ನ ನಾನರೆ ನೋಡಿಲ್ಲ ಬಿಡ್ರಿ."

ಎಲೆ ಅಡಿಕೆ ಅವರ ಒಂದೇ ಚಟ. ಮಗಳು ಸತ್ತ ದಿನವೂ ಬಿಟ್ಟಿರಲಿಲ್ಲ. ನನ್ನ ಮುಖ ಬಿಸಿಯಾಯಿತು. ಏನು ಕೊಳ್ಳಲು ಹೋಗಿದ್ದೆ ಅನ್ನುವುದೇ ಮರೆತು ಬಂದೆ.

ಬಂದು ಮತ್ತೆ ಹಚ್ಚಿಕೊಂಡೆ. ಬಿಡಲಿಲ್ಲ.

೨೬-೧೧, ಗುರುವಾರ

ಕೇಡುಗಾಲ ನನ್ನದು. ಕಪ್ಪು ಕಮ್ಮಿಯಾಗುತ್ತಿತ್ತು, ಆದರೆ ನನಗೆ ಅವಸರ. ಕ್ಷೌರದವನು ಹೇಳಿದ ಅಂತ ನಿನ್ನೆ ಗುಟ್ಟಾಗಿ ನಿಂಬೆರಸ, ಅರಿಸಿನ ಕಲಸಿ ಬಳಿದುಕೊಂಡೆ. ಬೆಂಕಿ ಬೆಂಕಿ! ಬೆಳಿಗ್ಗೆ ಕಣ್ಣು ಊದಿ ಕೆಂಪು, ಸುತ್ತಲೂ ಹಳದಿ. ಕಾಮಾಲೆ ಆದವನ ಹಾಗೆ. ಸಾಲಿಯಲ್ಲಿ ಹಾಜರಿ ಕರೆದು ಮುಗಿಸುವುದರೊಳಗೆ ಹುಡುಗರೆಲ್ಲ ನಗುತ್ತಿದ್ದರು. ಹೆಡ್‌ಮಾಸ್ತರರೇ ಮನೆಗೆ ಕಳಿಸಿದರು.

ಬಾಗಿಲ ಹಿಂದೆ ಬೈಗುಳ ಶುರು. "ಲಿಂಬಿಹಣ್ಣು ಹಚ್ಚು ಅಂತ ಯಾವ ಜಾಣ ಹೇಳಿದ್ದಂತ? ಕಣ್ಣಂದ್ರ ಹಿತ್ತಾಳಿ ತಂಬಿಗಿ ಏನು, ಹುಳಿ ಹಚ್ಚಿ ತಿಕ್ಕಾಕ? ಏ ಬೆಕ್ಕ, ಕೇಳು ನಿಮ್ಮ ಮಾಸ್ತರ್ನ!"

ಬೈಯುತ್ತಲೇ ತಣ್ಣನೆ ಮಜ್ಜಿಗೆಯಲ್ಲಿ ಅದ್ದಿದ ಅರಿವೆ ಬಾಗಿಲ ಸಂದಿಯಿಂದ ಕೊಟ್ಟರು. ಬಿಸಿಯಾದೊಡನೆ ವಾಪಸು ತೆಗೆದುಕೊಂಡು ಇನ್ನೊಂದು. ಸಂಜೆ ತನಕ ಹೀಗೇ. ನಡುವೆ ಅಂದರು: "ನಮ್ಮ ಪಂಪಿ ಇದ್ದಿದ್ರ ನಕ್ಕು ನಕ್ಕು ಬೀಳತಿದ್ದಳು."

ನನಗೂ ನಗು ಬಂತು. ಒಳಗೆ ಅವರೂ ನಕ್ಕರು. ಈ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತು. ಆಗ ಹೇಳಬಹುದಿತ್ತು. ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಹೇಳಲಿಲ್ಲ.

೩-೧೨, ಗುರುವಾರ

ಕನ್ನಡಿ ಹಿಡಿದು ಅಂಗಳದ ಬಿಸಿಲಿಗೆ ಹೋದೆ. ಕಪ್ಪು ಹೋಗಿದೆ. ಪೂರಾ ಅಲ್ಲ... ಆದರೆ ಗೊತ್ತಿದ್ದವರಿಗಷ್ಟೇ ಕಾಣುತ್ತದೆ. ಛಲೋ ಕಾಣುತ್ತಿದ್ದೇನೆ. ಕೋಟು ಹಾಕಿ ಇನ್ನೊಮ್ಮೆ ನೋಡಿಕೊಂಡೆ. ಹೆಂಡತಿ ಸತ್ತು ವರ್ಷ ತುಂಬಿಲ್ಲ, ಕನ್ನಡಿ ಮುಂದೆ ಹಲ್ಲು ಕಿರಿಯುತ್ತ ನಿಂತಿದ್ದೇನೆ. ಇಂಥ ಮನುಷ್ಯ ನಾನು.

ಒಳಗೆ ಕಡಲೆಬೇಳೆ ಬೇಯುವ ವಾಸನೆ. "ಸಾಹೇಬ್ರು ಹೋಳಿಗಿ ತಿಂತಾರೇನು? ತುರಕರು ಇದ್ರ ತುಪ್ಪ ಜಾಸ್ತಿ ಬೇಕಂತಾರ."

"ತಿಂತಾರ" ಎಂದೆ.

"ಅಳಿಯಾರಿಗೆ ಪ್ರಮೋಷನ್ ಆಗಲಿ, ನಮ್ಮಪ್ಪ ಕಳಕಪ್ಪ ದೇವರ."

೪-೧೨, ಶುಕ್ರವಾರ. ಸಂಜೆ

ಎಲ್ಲಾ ಬರೆಯಬೇಕು. ಕೈ ಏಳುತ್ತಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಂದರು. ಈಶಪ್ಪ, ಮುದುಕಮ್ಮ, ಜೊತೆಗೆ ಕಾಕಾ. ಮುದುಕಿ ಇನ್ನೂ ಕೂತಿರಲಿಲ್ಲ, "ಇಲ್ಲಿ ಬೆಳಕಿಗೆ ಬರ್ರಿ ಮಾಸ್ತರ್ರ" ಅಂದಳು. ಸಂತೆಯಲ್ಲಿ ಎತ್ತು ನೋಡಿದ ಹಾಗೆ ನೋಡಿದಳು. ಮೂಗಿನ ಹತ್ತಿರ ಮುಖ ತಂದು, ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ.

"ಎಲ್ಲೈತೋ ಈಶಪ್ಪ ಕಪ್ಪು? ತೊಳದಿಟ್ಟಂಗ ಅದಾವು ಕಣ್ಣು. ಯಾರೋ ಹೊಟ್ಟಿಕಿಚ್ಚಿನ ಮಂದಿ ಸುಳ್ಳ ಹಬ್ಬಿಸ್ಯಾರ."

ಪಾಸಾದೆ. ಸಂತೋಷವಾಯಿತು. ಹೌದು, ಆಯಿತು.

ಊಟಕ್ಕೆ ಕೂತೆವು. ಬಾಗಿಲ ಮರೆಯಿಂದ ಆ ಕೈ ಹೋಳಿಗೆಯ ತಾಟು ಮುಂದೆ ಸರಿಸಿತು. ಈಶಪ್ಪ ಕೇಳಿದ: "ಒಳಗ ಯಾರದಾರ್ರಿ?"

ಕಾಕಾ ನನ್ನ ಮುಖ ನೋಡಿದ. ನಾನೇ ಹೇಳಲಿ ಅಂತ ಕಾದ. ಅವನ ಮೇಲೆ ತಪ್ಪು ಹೊರಿಸುವಂತಿಲ್ಲ, ಸಾಕಷ್ಟು ಹೊತ್ತು ಕಾದ. ನಾನು ಹೋಳಿಗೆ ಮುರಿಯುತ್ತಿದ್ದೆ. ಕಡೆಗೆ ಅವನೇ ಅಂದ: "ಅಡಿಗಿಯಾಕಿರಿ."

"ಕೈ ರುಚಿ ಐತಿ," ಅಂದಳು ಮುದುಕಮ್ಮ. "ಆದ್ರ ಮದುವಿ ಆದಮ್ಯಾಲ ಬಿಡಸಿಬಿಡ್ರಿ ಆಕಿನ್ನ. ನಮ್ಮ ಹುಡುಗಿ ಎಲ್ಲಾ ಕೆಲಸಕ್ಕ ಗಟ್ಟಿ ಅದಾಳ. ಸುಮ್ಮನ ಒಂದು ಹೊಟ್ಟಿ ಯಾಕ?"

"ಹೂಂರಿ" ಎಂದೆ.

ಕಾಕಾ ಅಲ್ಲ. ನಾನು. ನನ್ನ ಬಾಯಿಂದ ಬಂತು. ಬಾಗಿಲು ಎರಡು ಮೊಳ ದೂರದಲ್ಲಿತ್ತು. ಇನ್ಸ್‌ಪೆಕ್ಟರ್ ಅಲ್ಲ, ಮದುವೆ ಅನ್ನುವುದು ಒಳಗಿದ್ದ ಅತ್ತೆಗೆ ತಿಳಿಯಿತು. ಅಡಿಗೆಯವಳು ಅನ್ನುವುದು ತಿಳಿಯಿತು. ಒಳಗೆ ಸೌಟಿನ ಸಪ್ಪಳ ನಿಂತಿತು. ಆಮೇಲೆ ಎಲ್ಲರಿಗೂ ಎರಡನೇ ಸಲ ತುಪ್ಪ ಬಂತು.

೬-೧೨, ರವಿವಾರ

ನಿನ್ನೆ ಮನೆಯಲ್ಲಿ ಉಣ್ಣಲಿಲ್ಲ. ಸಾಲಿಯಲ್ಲೇ ಕತ್ತಲಾಗುವ ತನಕ ಕೂತಿದ್ದೆ.

ಇವತ್ತು ಬೆಳಿಗ್ಗೆ ಮಣೆಯ ಮೇಲೆ ಕೂತೆ. ಬಾಗಿಲ ಮರೆಯಿಂದ ಕೈ ಬರುತ್ತದೆ ಅಂತ ಕಾದೆ. ಬಾಗಿಲು ಪೂರಾ ತೆರೆಯಿತು. ಅವರೇ ಬಂದರು. ಸೆರಗು ಹೆಗಲ ಮೇಲೆ, ತಲೆಗೆ ಮುಸುಕಿಲ್ಲ. ನೆಟ್ಟಗೆ ನನ್ನೆದುರು ನಿಂತು ತಾಟಿಗೆ ರೊಟ್ಟಿ ಹಾಕಿದರು.

ನಾನು ಎದ್ದುಬಿಟ್ಟೆ. "ಅತ್ತಿ! ಇದೇನು..."

"ಕುಂದರ್ರಿ ಧಣ್ಯಾರ. ಅಡಿಗಿಯಾಕಿ ಧಣ್ಯಾರಿಗೆ ಎದುರ ನಿಂತ ಬಡಸಬೇಕಲ್ರಿ. ಬಾಗಲ ಹಿಂದ ನಿಂತ್ರ ಹೆಂಗ?"

ಮೊದಲ ಸಲ ಮುಖ ನೋಡಿದೆ. ಪಂಪಾವತಿಯದೇ ಹಣೆ, ಅವಳದೇ ಗದ್ದ. ಕಣ್ಣ ಕೆಳಗೆ ಕಪ್ಪು, ನನಗಿದ್ದದ್ದಕ್ಕಿಂತ ಎಷ್ಟೋ ಹೆಚ್ಚು, ಒಳಗೆ ಇಳಿದುಹೋಗಿದೆ. ಮಗಳಿಗಾಗಿ ನಿದ್ದೆ ಬಿಟ್ಟವರು ಈ ಮನೆಯಲ್ಲಿ ಅವರು ಒಬ್ಬರೇ. ನಾನು ಒಂದು ದಿನವೂ ಕೇಳಿರಲಿಲ್ಲ, ನೀವು ಮಲಗಿದಿರಾ ಅಂತ.

ಕೂತು ರೊಟ್ಟಿ ಮುರಿದೆ, ಹಾಗೇ ಬಿಟ್ಟೆ. ಸಾಲಿಗೆ ಹೊತ್ತಾಯಿತು ಎಂದು ಎದ್ದೆ.

೮-೧೨, ಮಂಗಳವಾರ

ಅಳುವುದಿಲ್ಲ. ಬೈಯುವುದಿಲ್ಲ. ಬೆಕ್ಕಿನ ಕೂಡ ಮಾತಿಲ್ಲ. ಎಲ್ಲಾ ಮಾತು ನನ್ನ ಎದುರಿಗೇ, ಮರ್ಯಾದೆಯಿಂದ. ಪಡಸಾಲೆ ಗುಡಿಸುತ್ತ ಕೇಳಿದರು: "ಧಣ್ಯಾರ, ಎಂದ ಬಿಡಸ್ತೀರಿ? ಮೊದಲ ಹೇಳಿದ್ರ ಛಲೋ ಆಗ್ತಿತ್ರಿ. ಬ್ಯಾರೆ ಮನಿ ಕೆಲಸ ನೋಡ್ಕೋಬೇಕು."

ಕೊಂಕಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಜವಾಗಿಯೇ ಕೇಳಿದರು. ಅರವತ್ತರ ಮುದುಕಿ, ಯಾರ ಮನೆಯ ಬಾಗಿಲಿಗೆ ಹೋಗಬೇಕು ಅಂತ ಲೆಕ್ಕ ಹಾಕುತ್ತಿದ್ದಾರೆ.

"ಇನ್ನೂ ಏನೂ ನಿಕ್ಕಿ ಇಲ್ಲ" ಎಂದೆ. ನೆಲ ನೋಡುತ್ತ ಎಂದೆ.

೧೦-೧೨, ಗುರುವಾರ

ಕಾಕಾ ಸುದ್ದಿ ಕಳಿಸಿದ್ದಾನೆ. ಕನಕಗಿರಿಯವರು ಒಪ್ಪಿದ್ದಾರೆ, ಮಾಘಕ್ಕೆ ಮದುವೆಯ ಅಕ್ಕಿಕಾಳು.

ಇವತ್ತು ಸಾಲಿಯಲ್ಲಿ ಪಾಠ ಮಾಡಲಿಲ್ಲ. ಹುಡುಗರಿಗೆ ಮಗ್ಗಿ ಬರೆಯಲು ಹಚ್ಚಿ ಇಡೀ ದಿನ ಮನಸ್ಸಿನಲ್ಲೇ ಮಾತು ಕೂಡಿಸಿದೆ. "ಅತ್ತಿ, ತಪ್ಪಾತು. ನೀವು ಎಲ್ಲೂ ಹೋಗಬ್ಯಾಡ್ರಿ. ನಾಳೆ ರಜಾ ಐತಿ, ಕನಕಗಿರಿಗೆ ನಾನ ಹೋಗ್ತೀನಿ. ನೀವು ಯಾರಂತ ನಾನ ಹೇಳಿ ಬರ್ತೀನಿ. ಮದುವಿ ಆದ್ರ ಆಗಲಿ, ಬಿಟ್ರ ಬಿಡಲಿ." ದಾರಿಯಲ್ಲಿ ಬಾಯಿಬಿಟ್ಟೇ ಅಂದುಕೊಂಡೆ. ಎದುರು ಬಂದ ಶಫೀಸಾಬ "ಏನ್ ಮಾಸ್ತರ್ರ, ಒಬ್ಬರ ಮಾತಾಡಾಕತ್ತೀರಿ?" ಅಂತ ನಕ್ಕ.

ಊಟಕ್ಕೆ ಕೂತೆ. ಬಡಿಸಿದರು. ಒಳಗೆ ಹೋಗಲಿಲ್ಲ, ಎದುರು ನಿಂತರು. ಬರಿದಲೆ, ಕೈ ಕಟ್ಟಿಕೊಂಡು.

ತಲೆ ಎತ್ತಿ ಅವರ ಮುಖ ನೋಡಿದೆ. ಬಾಯಿ ತೆರೆದೆ.

"ಏನರ ಬೇಕೇನ್ರಿ ಧಣ್ಯಾರ?"

"ಸಾರಿಗೆ ಉಪ್ಪು ಕಡಿಮಿ ಆಗೈತಿ" ಎಂದೆ.

"ತಪ್ಪಾತ್ರಿ" ಅಂದರು ಅವರು. ಓಡಿ ಹೋಗಿ ಉಪ್ಪು ತಂದು ಹಾಕಿದರು.

ಉಪ್ಪು ಸರಿಯಾಗಿಯೇ ಇತ್ತು. ಕಲಸಿ ಪೂರಾ ಉಂಡೆ. ನಾನು ಕೈ ತೊಳೆಯುವ ತನಕ ಹಾಗೇ ನಿಂತಿದ್ದರು, ತಂಬಿಗೆ ಹಿಡಿದು. ನಾನು ಕೈ ಚಾಚಿದೆ, ಅವರು ನೀರು ಹಾಕಿದರು.