ಐದನೇ ಕಾರ್ಡಿನ ಹಿಂಬದಿ

ಫೆಬ್ರವರಿ 6, ಬೆಳಿಗ್ಗೆ 7.20

ಏಳನೇ ದಾರಿ, ಎರಡನೇ ಸಲ. ಬೇಲಿ ದಾಟುವ ಮೆಟ್ಟಿಲಲ್ಲಿ ಒಂದು ಹಲಗೆ ಅಲ್ಲಾಡುತ್ತಿದೆ — ಬರೆದುಕೊಂಡೆ. ಹೊಲದ ಅಂಚು ಮುನ್ನೂರ ಹತ್ತು ಹೆಜ್ಜೆ. ಆಮೇಲೆ ಇಳಿಜಾರು, ಆಮೇಲೆ ತೋಪು. ಮೂವತ್ತು ವರ್ಷ ಮನೆಮನೆಗೆ ಕಾಗದ ಹಂಚಿದ ಕಾಲು ಇದು. ರಿಟೈರ್ ಆಗಿ ಎರಡು ವರ್ಷವಾದರೂ ಎಲ್ಲರ ಬಾಯಲ್ಲಿ ಇನ್ನೂ ಪೋಸ್ಟಮ್ಮನೇ.

ವಾಕಿಂಗ್ ಕ್ಲಬ್ಬಿನ ಕೆಲಸ. ದಾರಿಗೊಂದು ಕಾರ್ಡು. ಮುಂಬದಿಯಲ್ಲಿ ನಮ್ಮ ಯಜಮಾನರು ಬಿಡಿಸಿದ ನಕ್ಷೆ ಮತ್ತು ಹೋಗುವ ದಾರಿ, ಹಿಂಬದಿಯಲ್ಲಿ ಅದೇ ದಾರಿ ಉಲ್ಟಾ. ಆರು ಕಾರ್ಡಿನ ಪ್ಯಾಕೆಟ್ಟು ಮಾರಾಟಕ್ಕೆ ಬಂದು ಮೂರು ವಾರ. ಹೋಗುವುದನ್ನು ನಡೆದು ಬರೆಯುತ್ತೇನೆ. ಉಲ್ಟಾ ಮಾತ್ರ ಮನೆಯಲ್ಲಿ ಕೂತು — ಎಡ ಇದ್ದಲ್ಲಿ ಬಲ, ಹತ್ತುವುದಿದ್ದಲ್ಲಿ ಇಳಿಯುವುದು. ಈ ಕೆಲಸ ಮಾಡುವವರೆಲ್ಲ ಹೀಗೇ. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೆ.

ಅದೇ ದಿನ, ಸಂಜೆ

ಏಳನೆಯದರ ಹಿಂಬದಿ ಬರೆಯಲು ಕೂತೆ. ಮಾದರಿಗೆಂದು ಐದನೇ ಕಾರ್ಡು ತೆಗೆದೆ. ಓದುತ್ತಾ ಓದುತ್ತಾ ಒಂದು ಸಾಲಿನ ಮೇಲೆ ಬೆರಳು ನಿಂತಿತು.

ಗುಡ್ಡದ ಮೇಲೆ, ಮೂರು ಕವಲಿನ ಮರದ ಹತ್ತಿರ. ಹೋಗುವಾಗ ಎಡಕ್ಕೆ, ಸರಿ. ಬರುವಾಗ ಬಲಕ್ಕೆ ಇರಬೇಕು. ಎಡಕ್ಕೆ ಅಂತಲೇ ಇದೆ. ತಿರುಗಿಸಿಯೇ ಇಲ್ಲ! ಅದು ಬರೆಯುವಾಗ ತಂಗಿಯ ಫೋನು ಬಂದಿತ್ತು, ಅರ್ಧ ಗಂಟೆ ಹರಟೆ. ವಾಪಸು ಬಂದು ಮುಂದಿನ ಸಾಲಿನಿಂದ ಹಿಡಿದಿರಬೇಕು.

ಬರುವಾಗ ಎಡಕ್ಕೆ ತಿರುಗಿದರೆ ಹಳೇ ಕಲ್ಲುಕ್ವಾರಿ.

ಇವರು ಏನು ಸಪ್ಪಗಿದ್ದೀಯ ಅಂದರು. ಮಂಡಿ ನೋವು ಅಂದೆ.

ಫೆಬ್ರವರಿ 7, ಮಧ್ಯಾಹ್ನ

ಹೋಗಿ ನೋಡಿ ಬಂದೆ. ಮರದಿಂದ ಎಪ್ಪತ್ತು ಹೆಜ್ಜೆ. ದಾರಿ ಅಗಲವಾಗಿ, ತಣ್ಣಗೆ, ಬಾ ಬಾ ಅನ್ನುವ ಹಾಗಿದೆ. ಪೊದೆ ದಾಟುತ್ತಿದ್ದಂತೆ ನೆಲವೇ ಇಲ್ಲ. ಎರಡಾಳು ಆಳ, ತಳದಲ್ಲಿ ಹಸಿರು ನೀರು. ಬೇಲಿ ಯಾವಾಗಲೋ ಬಿದ್ದುಹೋಗಿದೆ.

ಮುಳ್ಳುಕಂಟಿ ಎಳೆದು ದಾರಿಗೆ ಅಡ್ಡ ಹಾಕಿದೆ. ಕೈಯೆಲ್ಲ ತರಚಿದೆ. ಹೇಳಿಬಿಡಬೇಕು — ಆದರೆ ಮುಂದಿನ ಕಾರ್ಡುಗಳನ್ನು ಯಾರು ಬರೆಯಬೇಕೆಂದು ಕಮಿಟಿ ಈ ತಿಂಗಳೇ ಕೂರುತ್ತದೆ. ಈ ಕೆಲಸವೂ ಹೋದರೆ ಬೆಳಿಗ್ಗೆ ಎದ್ದು ಯಾಕೆ ಚಪ್ಪಲಿ ಮೆಟ್ಟಬೇಕು ನಾನು?

ಫೆಬ್ರವರಿ 9

ಪ್ರೆಸ್ಸಿನವನ ಹತ್ತಿರ ಐದನೇ ಕಾರ್ಡು ಮಾತ್ರ ಹೊಸದಾಗಿ ಹೊಡೆಸಿದೆ. ಬಲಕ್ಕೆ. ಮಸಿ ಹರಡಿತ್ತು, ಬದಲಾಯಿಸುತ್ತೇನೆ ಎಂದು ಕ್ಲಬ್ಬಿನ ಸೆಕ್ರೆಟರಿಗೆ ಸುಳ್ಳು. ಎಷ್ಟು ಅಚ್ಚುಕಟ್ಟು ಪೋಸ್ಟಮ್ಮ ನೀವು, ಅಂದರು. ನೆಲ ಬಾಯಿ ಬಿಡಬಾರದೇ ಅನಿಸಿತು. ಬೀರುವಿನಲ್ಲಿದ್ದ ಪ್ಯಾಕೆಟ್ಟು, ಅಂಗಡಿಯಲ್ಲಿದ್ದದ್ದು — ಎಲ್ಲಾ ಬದಲಾಯಿತು. ಹಳೆಯವನ್ನು ಒಲೆಗೆ ಹಾಕಿದೆ.

ಮೂವತ್ತೊಂದು ಪ್ಯಾಕೆಟ್ಟು ಆಗಲೇ ಮಾರಿಹೋಗಿದೆ. ಯಾರು ಯಾರಿಗೋ. ಒಂದು ಮಾತ್ರ ಗೊತ್ತು — ತಂಗಿಯದು. ಅವಳಿಗೆ ಫೋನು ಮಾಡಿ ಐದನೇ ದಾರಿ ಉಲ್ಟಾ ಹೋಗಬೇಡ ಅಂದೆ. ಯಾಕೆ ಅಂದಳು. ಬಿಸಿಲು ಕಣ್ಣಿಗೆ ಹೊಡೆಯುತ್ತೆ ಅಂದೆ. ನಂಬಿದಳು.

ನಮ್ಮವರನ್ನು ಉಳಿಸಿಕೊಂಡೆ. ಮೂವತ್ತು ಪ್ಯಾಕೆಟ್ಟು ಹೊರಗೇ ಉಳಿಯಿತು.

ಫೆಬ್ರವರಿ 10

ನಿದ್ದೆ ಇಲ್ಲ. ಯಾರೂ ಉಲ್ಟಾ ನಡೆಯುವುದಿಲ್ಲ... ನೂರಕ್ಕೆ ಐದು ಜನ, ಹೆಚ್ಚೆಂದರೆ.

ಫೆಬ್ರವರಿ 19, ಸಂಜೆ 6

ಸೆಕ್ರೆಟರಿ ಫೋನು. ಯಾರೋ ಕ್ವಾರಿಗೆ ಬಿದ್ದಿದ್ದಾರೆ. ಬದುಕಿದ್ದಾರೆ.

ಪೇಟೆಯ ವಾಚ್ ರಿಪೇರಿಯವರು. ವಯಸ್ಸು ಎಪ್ಪತ್ತೊಂದು. ತೊಡೆಯ ಮೂಳೆ ಮುರಿದಿದೆ. ಮೂರು ಗಂಟೆ ನೀರಲ್ಲಿ ಕೂತು ಕೂಗಿದರಂತೆ. ಮುಳ್ಳುಕಂಟಿ? ಯಾರೋ ಉರಿಸುವುದಕ್ಕೆ ಒಯ್ದಿರಬೇಕು. ಕೇಳಲೂ ಬಾಯಿಲ್ಲ ನನಗೆ.

ಫೆಬ್ರವರಿ 21

ಸೆಕ್ರೆಟರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬರುವುದಿಲ್ಲ ಅನ್ನಲು ನೆಪ ಸಿಗಲಿಲ್ಲ.

ಸಣ್ಣ ಆಳು. ಬೆರಳು ಮಾತ್ರ ಉದ್ದ, ನೀಟು. ಎದ್ದು ಕೂರಲು ಆಗದಿದ್ದರೂ ಕೈ ಮುಗಿದರು. ಕಾರ್ಡಿನಲ್ಲಿ ಎಡಕ್ಕೆ ಅಂತ ಇತ್ತು, ಎರಡು ಸಲ ಓದಿಕೊಂಡೇ ತಿರುಗಿದೆ ಅಂದರು. ಅವರ ಕಾರ್ಡು ನೀರಿನಲ್ಲಿ ಮುದ್ದೆಯಾಗಿ ಹೋಗಿದೆ. ಸೆಕ್ರೆಟರಿ ಪಾಪ, ತಾಳ್ಮೆಯಿಂದಲೇ ಜೇಬಿನಿಂದ ಬೇರೆ ಕಾರ್ಡು ತೆಗೆದರು. ಹಿಂಬದಿ ತಿರುಗಿಸಿ, ಬೆರಳಿಟ್ಟು ತೋರಿಸಿದರು. ಬಲಕ್ಕೆ.

ಕನ್ನಡಕ ಹಾಕಿಕೊಂಡು ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಪಕ್ಕದಲ್ಲಿದ್ದ ಮಗಳು ಮುಖ ತಿರುಗಿಸಿಕೊಂಡಳು.

“ಹಾಗಾದ್ರೆ ನಂದೇ ತಲೆ ಕೆಟ್ಟಿರ್ಬೇಕು,” ಅಂದರು. ನನ್ನ ಕಡೆ ನೋಡಿ, “ನಿಮ್ಮ ಕೆಲ್ಸಕ್ಕೆ ಕೆಟ್ಟ ಹೆಸರು ತಂದೆ, ಬೇಜಾರು ಮಾಡ್ಕೋಬೇಡಿ ತಾಯಿ.”

ನಾನು ಏನು ಹೇಳಿದೆ? ಹುಷಾರಾಗಿ ಅಂದೆ. ಥೂ ನನ್ನ ಜನ್ಮಕ್ಕೆ.

ಫೆಬ್ರವರಿ 24

ಕಮಿಟಿ ಕೂತಿತು. ಮುಂದಿನ ಕಾರ್ಡುಗಳೂ ನನಗೇ. ಚಪ್ಪಾಳೆ ಬೇರೆ.

ಬರುವಾಗ ಔಷಧಿ ಅಂಗಡಿಯಲ್ಲಿ ವಾಚಿನವರ ಮಗಳು ಸಿಕ್ಕಳು. ಅಪ್ಪನನ್ನು ಮನೆಗೆ ಕರೆತಂದಿದ್ದಾಳೆ. ತಲೆಯ ಡಾಕ್ಟರು ಬಂದು ನೋಡಿದರಂತೆ. ಬಲಗೈಯಿಂದ ಎಡಕಿವಿ ಮುಟ್ಟಿ ಅಂದರೆ, ಅಪ್ಪ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕೂತರಂತೆ. ಮುಟ್ಟಲೇ ಇಲ್ಲ. ಇನ್ನು ಒಬ್ಬರನ್ನೇ ಹೊರಗೆ ಬಿಡುವುದಿಲ್ಲ, ಅಂಗಡಿ ತೆಗೆಯುವುದಿಲ್ಲ. ರಿಪೇರಿಗೆ ಬಂದ ವಾಚುಗಳನ್ನು ಅಳಿಯ ಮನೆಮನೆಗೆ ವಾಪಸು ಕೊಡುತ್ತಿದ್ದಾನೆ.

ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು. “ಮೂರು ತಿಂಗಳ ಹಿಂದೆ ಒಂದು ಸಲ ಕೊಡೆ ಮರೆತು ಬಂದಿದ್ರು. ಆಗ್ಲೇ ನಾನು ಎಚ್ಚೆತ್ಕೋಬೇಕಿತ್ತು,” ಅಂದಳು.

ಕೊಡೆ! ಕೊಡೆ ಯಾರು ಮರೆಯುವುದಿಲ್ಲ?

ಫೆಬ್ರವರಿ 25

ಇವರಿಗೆ ಹೇಳಿದೆ. ಎಲ್ಲಾ. ಒಲೆಗೆ ಹಾಕಿದ್ದೂ ಸೇರಿ. ಪೆನ್ಸಿಲ್ ಕೆಳಗಿಟ್ಟರು. ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. ನಕ್ಷೆ ಸರಿಯಿದೆ ಎಂದು ಅವರೂ ಎಲ್ಲರ ಮುಂದೆ ಎದೆ ತಟ್ಟಿಕೊಂಡಿದ್ದರಂತೆ.

ಪೊಲೀಸು, ಕಮಿಟಿ, ಮರ್ಯಾದೆ — ಬಾಯಿಗೆ ಬಂದದ್ದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

“ಅವ್ರು ಕಾಲು ಮುರ್ಕೊಂಡಿದ್ದು ತಪ್ಪಿಂದ,” ಅಂದರು. “ಬುದ್ಧಿ ಕಳ್ಕೊಂಡಿರೋದು ಮಾತ್ರ ನೀನು ಸುಮ್ನಿರೋದ್ರಿಂದ. ಅದು ಇವತ್ತೂ ನಡೀತಿದೆ ಕಣೇ.”

ಫೆಬ್ರವರಿ 26, ಸಂಜೆ 4.35

ವಾಚಿನವರ ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ.

ಸೆಕ್ರೆಟರಿಗೆ ಬೆಳಿಗ್ಗೆಯೇ ಹೇಳಿ ಮುಗಿಯಿತು. ಉಳಿದ ಪ್ಯಾಕೆಟ್ಟು ಕೊಂಡವರನ್ನು ಹುಡುಕಲು ನೋಟೀಸು ಹಚ್ಚುತ್ತಾರೆ. ನನ್ನ ಮುಖ ನೋಡಲಿಲ್ಲ. ಅದು ಇರಲಿ.

ಮೂರು ಗಂಟೆಗೆ ಇಲ್ಲಿಗೆ ಬಂದೆ. ಬಾಗಿಲು ತೆಗೆದವಳು ಮಗಳು. ಕಾಫಿ ಮಾಡುತ್ತೇನೆ ಅಂತ ಒಳಗೆ ಹೋದಳು. ಮಂಚದ ಪಕ್ಕ ನಿಂತೆ, ಕೂರಲಿಲ್ಲ. “ನಿಮ್ಮ ಕಾರ್ಡಲ್ಲಿ ಎಡಕ್ಕೆ ಅಂತಾನೇ ಇತ್ತು. ಬರ್ದಿದ್ದು ನಾನು. ಆಮೇಲೆ ಕದ್ದು ಬದಲಾಯಿಸಿದ್ದೂ ನಾನೇ,” ಅಂದೆ.

ಬೈಗುಳಕ್ಕೆ ಕಾದೆ. ಅವರು ಮಗಳನ್ನು ಕೂಗಿದರು. ಅವಳು ಸೌಟು ಹಿಡಿದೇ ಬಂದಳು.

“ಇನ್ನೊಂದ್ಸಲ ಹೇಳಿ,” ಅಂದರು.

ಹೇಳಿದೆ. ಅವಳು ಅಲ್ಲೇ ನೆಲದ ಮೇಲೆ ಕೂತಳು. ಅಪ್ಪಾ ಅಂದಳು. ಹೊರಡುತ್ತೇನೆ ಅಂದೆ. ವಾಚಿನವರು ಕೈ ಅಡ್ಡ ಹಿಡಿದರು.

“ಐದಕ್ಕೆ ಅಳಿಯ ಬರ್ತಾನೆ. ಆರಕ್ಕೆ ಡಾಕ್ಟ್ರು. ಅವ್ರಿಬ್ರಿಗೂ ನೀವೇ ಹೇಳ್ಬೇಕು. ನಾನು ಹೇಳಿದ್ರೆ ಈಗ ಯಾರೂ ನಂಬಲ್ಲ.”

ಕೂತಿದ್ದೇನೆ. ಅಕ್ಕಪಕ್ಕದವರಿಗೂ ಹೇಳಬೇಕಂತೆ, ವಾಚು ವಾಪಸು ಪಡೆದವರಿಗೂ. ಒಬ್ಬೊಬ್ಬರ ಹೆಸರು ಹೇಳುತ್ತಿದ್ದಾರೆ, ಮನೆ ಎಲ್ಲಿ ಬರುತ್ತದೆ ಎಂದೂ. ಒಂದನ್ನೂ ಮರೆತಿಲ್ಲ. ನಾನು ಬರೆದುಕೊಳ್ಳುತ್ತಿದ್ದೇನೆ. ಇಲ್ಲಿಗೆ ಹದಿನಾಲ್ಕು ಮನೆ.

ಹೊರಗೆ ಸ್ಕೂಟರು ನಿಂತಿತು. ವಾಚಿನವರು ಒಬ್ಬರೇ ಎದ್ದು ಕೂರಲು ನೋಡುತ್ತಿದ್ದಾರೆ. ಹೋಗಿ ಹಿಡಿದುಕೊಳ್ಳಬೇಕು —