ಅಳು ಬಾರದ ಕಂಪ್ಯೂಟರ್

ಹೊಂಗಡಹಳ್ಳ,
೨೨ ಆಗಸ್ಟ್ ೨೦೦೭

ಮೋಹನ್ ಅವರಿಗೆ,

ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿಮ್ಮ ಹೆಸರು ಬರೆಯುತ್ತಿರುವುದು ಇದೇ ಮೊದಲು. ‘ಪ್ರೀತಿಯ’ ಎಂದು ಬರೆಯಲು ಕೈ ಏಳಲಿಲ್ಲ. ‘ಪೂಜ್ಯ’ ಎಂದು ಬರೆದರೆ ನನಗೇ ನಗು ಬರುತ್ತದೆ. ಹೆಸರೇ ಇರಲಿ.

ನಿಮ್ಮ ಲಕೋಟೆ ಸೋಮವಾರ ತಲುಪಿತು. ನಾನು ಹಾಸನದ ಮನೆ ಬಿಟ್ಟು ತವರಿಗೆ ಬಂದು ಹದಿನಾಲ್ಕು ತಿಂಗಳಾಯಿತು, ನಿಮ್ಮಿಂದ ಇದೇ ಮೊದಲ ಕಾಗದ. ಸುಳ್ಳೇಕೆ ಹೇಳಲಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡೇ ಒಡೆದೆ. ಮೊದಲ ಹಾಳೆಯಲ್ಲಿ ನನ್ನ ಆರೋಗ್ಯ, ಅವ್ವನ ಮಂಡಿನೋವು, ಎಲ್ಲ ವಿಚಾರಿಸಿದ್ದೀರಿ. ವಾಪಸ್ ಬಾ ಎಂಬ ಮಾತು ಎರಡನೆಯದರಲ್ಲಿರಬೇಕು ಎಂದು ಆಸೆಯಿಂದ ತಿರುವಿದೆ. ಅಲ್ಲಿದ್ದದ್ದು ಒಪ್ಪಿಗೆ ಪತ್ರ! ನನ್ನ ದನಿಯನ್ನು ಇನ್ನು ಮುಂದೆ ಯಾವ ಗೇಮಿಗಾದರೂ, ಹೇಗಾದರೂ ಬಳಸಿಕೊಳ್ಳಲು ಅಡ್ಡಿಯಿಲ್ಲವಂತೆ. ಸಹಿ ಎಲ್ಲಿ ಹಾಕಬೇಕೆಂದು ಪೆನ್ಸಿಲ್ಲಿನಲ್ಲಿ ಗುರುತು ಬೇರೆ. ಅದಿಲ್ಲದೆ ದೊಡ್ಡ ಕಂಪನಿಯವರು ನಿಮ್ಮ ಸಾಫ್ಟ್‌ವೇರ್ ಮುಟ್ಟುವುದಿಲ್ಲವಂತೆ. ಎಂಥಾ ಮನುಷ್ಯರು ರೀ ನೀವು!

ಆ ದನಿ ನಿಮ್ಮ ಕಂಪ್ಯೂಟರಿಗೆ ಹೇಗೆ ಹೋಯಿತು ಎಂಬುದು ಮರೆತಿದ್ದರೆ ನಾನೇ ನೆನಪಿಸುತ್ತೇನೆ. ಅಪ್ಪ ಲೆಕ್ಕ ಬರೆಯುವ ರೈಟರಾಗಿದ್ದ ಕಾಫಿ ಎಸ್ಟೇಟಿನ ಸ್ಟೋರಿನಲ್ಲಿ, ಸದ್ದು ಗುಂಯ್‌ಗುಡಬಾರದೆಂದು ಗೋಡೆಗೆಲ್ಲ ಗೋಣಿಚೀಲ ನೇತುಹಾಕಿ, ಎರಡು ತಿಂಗಳು ನನ್ನನ್ನು ಕೂರಿಸಿ ಓದಿಸಿದಿರಿ. ಸಾವಿರಾರು ವಾಕ್ಯ. ಗೋಣಿ ಧೂಳಿಗೆ ಕೆಮ್ಮಿ ಕೆಮ್ಮಿ ಸಾಕಾಗುತ್ತಿತ್ತು. ನೀವು ಮಾಡುತ್ತಿದ್ದ ಮಕ್ಕಳ ಗೇಮಿನಲ್ಲಿ ಅಮ್ಮನ ಪಾತ್ರ ನನ್ನದು, ಅದಕ್ಕೆ ತಾಲೀಮು ಎಂದುಕೊಂಡಿದ್ದೆ ನಾನು, ದಡ್ಡಿ. ಕೊನೆಗೆ ಒಂದು ದಿನ ನೀವು ಏನೋ ಟೈಪ್ ಮಾಡಿದಿರಿ, ಕಂಪ್ಯೂಟರು ನನ್ನದೇ ದನಿಯಲ್ಲಿ ‘ಊಟಕ್ಕೆ ಬಾ ಮಗಾ’ ಎಂದಿತು. ನಾನು ಚಪ್ಪಾಳೆ ತಟ್ಟಿದೆ. ಇನ್ನು ನೀನು ಮೈಕಿನ ಮುಂದೆ ಕೂರುವ ಕಷ್ಟವಿಲ್ಲ ಎಂದಿರಿ. ಕಷ್ಟ ಅಂತ ನಾನು ಯಾವತ್ತು ಹೇಳಿದ್ದೆ?

ಆದರೆ ಆ ಕಂಪ್ಯೂಟರಿಗೆ ಅಳು ಬರಲಿಲ್ಲ. ಆಡುವ ಮಗು ಸೋತರೆ, ಕಾಡಿನಲ್ಲಿ ಕಳೆದುಹೋದ ಮಗನಿಗಾಗಿ ಅಮ್ಮ ಅಳಬೇಕು. ನೀವು ಎಷ್ಟು ಟೈಪ್ ಮಾಡಿದರೂ ಅದು ಪಾಠ ಒಪ್ಪಿಸುವ ಹಾಗೆ ‘ಅಯ್ಯೋ ಅಯ್ಯೋ’ ಎನ್ನುತ್ತಿತ್ತು. ನೀನೇ ಒಂದು ಸಲ ಅತ್ತುಬಿಡು ಎಂದಿರಿ. ನಿಮ್ಮ ತಾಯಿ ಸರೋಜಮ್ಮನವರು ಅಡುಗೆಮನೆಯಿಂದಲೇ ಗದರಿದರು: “ದೀಪ ಹಚ್ಚೋ ಮನೇಲಿ ಮುತ್ತೈದೆ ಸುಳ್‌ಸುಳ್ಳೇ ಅಳಬಾರ್ದು ಕಣೋ. ಕರದ್ರೆ ನಿಜವಾಗ್ಲೂ ಬಂದ್ಬುಡ್ತದೆ.” ನನಗೂ ಹೆದರಿಕೆಯಾಯಿತು, ಒಲ್ಲೆ ಎಂದೆ. ನಾಲ್ಕು ದಿನ ಮುಖ ಊದಿಸಿಕೊಂಡು ಓಡಾಡಿದಿರಿ.

ಮುಂದಿನ ತಿಂಗಳೇ ಅಪ್ಪ ಹೋದರು. ಹೆಣ ಎತ್ತುವಾಗ ದಾಸಯ್ಯ ಶಂಖ ಊದಿ ಜಾಗಟೆ ಬಡಿದ, ನಾನು ನೆಲಕ್ಕೆ ಬಿದ್ದು ಅತ್ತೆ. ನೀವು ಜೇಬಿಗೆ ಕೈ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದಿರಿ. ಅಳು ತಡೆದುಕೊಂಡು ನಿಂತಿದ್ದಾರೆ ಪಾಪ ಎಂದುಕೊಂಡೆ.

ಗೇಮಿನ ಸಿಡಿ ಬಂದಾಗ ನಾನು ಆಲೂರಿನ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಪೂಜಿತಾ ಆಡುತ್ತಿದ್ದಳು. ಅವಳು ಸೋತಳು, ಕಂಪ್ಯೂಟರಿನಿಂದ ನನ್ನ ಅಳು ಬಂತು. ಹಿಂದೆ ಸಣ್ಣಗೆ ಜಾಗಟೆ! ಅದನ್ನು ಅಳಿಸಲು ನಿಮ್ಮಿಂದ ಆಗಿರಲಿಲ್ಲ. ಅವತ್ತು ನಿಮ್ಮ ಜೇಬಿನೊಳಗಿದ್ದದ್ದು ರೆಕಾರ್ಡರು. “ಚಿಕ್ಕಮ್ಮ, ಈ ಆಂಟಿ ಎಷ್ಟು ತಮಾಷೆಯಾಗಿ ಅಳ್ತಾಳೆ ನೋಡು,” ಎಂದು ಮಗು ಬೇಕೆಂದೇ ಮತ್ತೆ ಮತ್ತೆ ಸೋತಿತು. ನಾನು ಏಳು ಸಲ ಕೇಳಿಸಿಕೊಂಡೆ. ಆಮೇಲೆ ಎದ್ದು ಹಾಸನದ ಬಸ್ಸು ಹತ್ತಿದೆ.

ಅಪ್ಪನ ಹೆಣದ ಮುಂದೆ ಅತ್ತಿದ್ದನ್ನು ಕದ್ದಿರಲ್ಲ ಎಂದು ಕೇಳಿದ್ದಕ್ಕೆ ನೀವು ಕಂಪ್ಯೂಟರಿನಿಂದ ತಲೆ ಕೂಡ ಎತ್ತಲಿಲ್ಲ. “ಬರೀ ದನಿ ತಾನೇ, ಅದಕ್ಯಾಕೆ ಇಷ್ಟು ರಂಪ ಮಾಡ್ತೀಯ ಮಾರಾಯ್ತಿ,” ಎಂದಿರಿ. ಅವತ್ತೇ ಬ್ಯಾಗು ತುಂಬಿಕೊಂಡು ಬಂದೆ. ನೀವು ತಡೆಯುತ್ತೀರೆಂದು ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟೆ, ಅದನ್ನೂ ಹೇಳಿಬಿಡುತ್ತೇನೆ.

ಒಪ್ಪಿಗೆ ಪತ್ರವನ್ನು ಹರಿದು ಇದರೊಂದಿಗೇ ಇಟ್ಟಿದ್ದೇನೆ. ನಿಮ್ಮ ಕಂಪ್ಯೂಟರಿನಿಂದ ನನ್ನ ದನಿಯನ್ನು ಕಿತ್ತು ತರುವುದು ನನ್ನಿಂದಾಗದು. ಕೈಯಾದರೂ ಇನ್ನೂ ನನ್ನ ಮಾತು ಕೇಳುತ್ತದೆ, ಅದು ಸಹಿ ಹಾಕುವುದಿಲ್ಲ. ನಿಮ್ಮ ವ್ಯಾಪಾರ ಹಾಳಾದರೆ ಆಗಲಿ. ನನಗೆ ಒಂದು ಚೂರೂ ಬೇಸರವಿಲ್ಲ.

ಇಂತಿ,
ರಂಗಸ್ವಾಮಿಯವರ ಮಗಳು
ಹೇಮಶ್ರೀ

ತಾ.ಕ.: ಈ ಅಳು ಮಗು ಕಳೆದುಕೊಂಡ ತಾಯಿಗೆ ಹೇಳಿ ಮಾಡಿಸಿದ ಹಾಗಿದೆ ಎಂದು ನೀವು ಎಲ್ಲರೆದುರು ಹೊಗಳಿದ್ದಿರಂತೆ. ಅಪ್ಪ ಹೋದಾಗ ನನಗೆ ಮೂರು ತಿಂಗಳಾಗಿತ್ತು. ಯುಗಾದಿಯ ದಿನ ನಿಮಗೆ ಹೇಳಬೇಕೆಂದು ಕಾದಿದ್ದೆ. ಹೆಣ ಎತ್ತುವ ಮೊದಲು, ಬೆಳಿಗ್ಗೆ, ಹಿತ್ತಲಿನ ಬಚ್ಚಲಲ್ಲಿ ಎಲ್ಲ ಹೋಯಿತು. ಪಕ್ಕದ ಮನೆ ಚೌಡಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅವತ್ತು ಅಪ್ಪನ ಮುಂದೆ ಬಿದ್ದು ನಾನು ಅತ್ತದ್ದು ನಮ್ಮ ಮಗುವಿಗೆ.