ಮುಚ್ಚಳದಡಿ ಒಂದು ಹೆಸರು

ತಳವೂರು, ಏಳನೆಯ ಪದರ
ಶಕವರ್ಷ ೨೨೩೧, ಫಾಲ್ಗುಣ ಮೂವತ್ತಮೂರು

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಕೂತು ಬೀಟೆ ಮರದ ಪೆಟ್ಟಿಗೆಗೆ ಬಿಳಿ ಆನೆಯೊಂದನ್ನು ಕೂರಿಸುತ್ತಿರುವ ಮೇಸ್ತ್ರಿಗಳಿಗೆ ನೀಲವೇಣಿಯ ನಮಸ್ಕಾರ.

ತಿಂಗಳಿಗೆ ಮೂವತ್ತಮೂರು ದಿನವೇ ಎಂದು ನಗಬೇಡಿ. ನೆಲದಡಿಯಲ್ಲಿ ಚಂದ್ರ ಕಾಣುವುದಿಲ್ಲ. ಗುಮಾಸ್ತರು ಪಂಚಾಂಗದ ಹಾಳೆ ಹರಿದಾಗಲೇ ನಮಗೆ ಅಮಾವಾಸ್ಯೆ. ನನ್ನ ಕನ್ನಡ ವಿಚಿತ್ರ ಅನ್ನಿಸಿದರೂ ಕ್ಷಮಿಸಿ, ಹಳೆಯ ಪುಸ್ತಕ ನೋಡಿ ಕಲಿತದ್ದು.

ಇಲ್ಲಿ ಗಾಳಿ ಕೊಳವೆಯಲ್ಲಿ ಬರುತ್ತದೆ, ದಿನಕ್ಕೆ ಎರಡು ಸಲ. ಆ ಹೊತ್ತಿಗೆ ಗಾಳಿಗಂಟೆ ಎನ್ನುತ್ತೇವೆ. ಎಲ್ಲರೂ ಕೆಲಸ ಬಿಟ್ಟು ಕೊಳವೆಯ ಕೆಳಗೆ ನಿಲ್ಲುತ್ತಾರೆ, ಸೊಸೆಯಂದಿರು ಅತ್ತೆಯರನ್ನು ತಳ್ಳುತ್ತಾರೆ. ಮೇಲಕ್ಕೆ ಹೋಗಬೇಕಾದರೆ ಮೂಲಚೀಟಿ ಬೇಕು, ಅಂದರೆ ನಮ್ಮ ಹಿಂದಿನವರು ಇಂಥ ಊರಿನವರು ಎಂದು ಹಳೆಯ ವಸ್ತುವೊಂದರಿಂದ ಸಾಬೀತಾಗಬೇಕು. ಅದೂ ಮಕ್ಕಳಿಗೆ ಮಾತ್ರ. ಹತ್ತು ತುಂಬಿದವರ ಪುಪ್ಪುಸ ಮೇಲಿನ ಗಾಳಿ ತಾಳುವುದಿಲ್ಲವಂತೆ. ನನ್ನ ಮಗಳು ತುಂಬೆಗೆ ಹತ್ತು ತುಂಬಲು ಹನ್ನೊಂದು ದಿನ ಉಳಿದಿದೆ. “ಅಮ್ಮಾ, ಬಿಸಿಲು ಅಂದ್ರೆ ಸುಡೋದಾ, ಬೆಳಗೋದಾ?” ಎಂದು ಕೇಳುತ್ತಾಳೆ. ನಾನೂ ನೋಡಿದವಳಲ್ಲ.

ನಮ್ಮಲ್ಲಿರುವ ಹಳೆಯ ವಸ್ತು ನಿಮ್ಮ ಪೆಟ್ಟಿಗೆ ಒಂದೇ. “ದಂತದ್ದು ಕಣೇ, ಜೋಪಾನ” ಎನ್ನುತ್ತಿದ್ದಳು ಅಜ್ಜಿ. ಅವಳ ಅಜ್ಜಿಯೂ ಹಾಗೇ ಅಂದಿದ್ದಳಂತೆ. ನಾನು ಪೆದ್ದಿ, ಅರ್ಜಿಯಲ್ಲಿ ದಂತ ಎಂದೇ ಬರೆದೆ. ಪರೀಕ್ಷಕರು ಕಾಯಿಸಿದ ಸೂಜಿ ಮುಟ್ಟಿಸಿದರು. ಆನೆಯ ಬಾಲ ಕರಗಿ ನಾರಿತು. ಪ್ಲಾಸ್ಟಿಕ್! ಅರ್ಜಿ ತಳ್ಳಿಹಾಕಿದರು.

ಆಮೇಲೆ ನಾಲ್ಕು ವರ್ಷ ಕೂತು ನಾನೇ ಶೋಧಿಸಿದೆ. ದಂತ ನಿಷೇಧವಾದ ಮೇಲೂ ನಿಮ್ಮ ಕೇರಿಯಲ್ಲಿ ಬಿಳಿಯದ್ದನ್ನೆಲ್ಲ ದಂತವೆಂದೇ ಕರೆಯುತ್ತಿದ್ದಿರಂತೆ. ಆನೆ ಕೂರಿಸಲು ಕೊರೆದ ಗುಳಿಗಳ ಅಂಚಿನಲ್ಲಿ ಕೈಉಳಿಯ ಗುರುತಿದೆ, ಕೀಲಿನ ತಿರುಪು ಯಂತ್ರದ್ದು. ಇದು ಮೈಸೂರಿನದೇ, ನಿಮ್ಮ ಕಾಲದ್ದೇ, ನನಗೆ ಸಂಶಯವಿಲ್ಲ. ಆದರೆ ಕಚೇರಿಯಲ್ಲಿ ಒಮ್ಮೆ ಬರೆದದ್ದನ್ನು ತಿದ್ದಲು ಮಾಡಿದವರ ಕೈಬರಹವೇ ಬೇಕಂತೆ. ಪೆಟ್ಟಿಗೆ ನಿಜ, ಊರು ನಿಜ, ಅರ್ಜಿಯ ಒಂದು ಪದ ಮಾತ್ರ ಸುಳ್ಳು. ಆ ಒಂದು ಪದಕ್ಕೆ ನನ್ನ ಮಗು ಇಲ್ಲೇ ಕೊಳೆಯಬೇಕೆ? ನೆನೆದರೆ ಸಿಟ್ಟು ಬರುತ್ತದೆ.

ಆದ್ದರಿಂದ ಬೇಡಿಕೊಳ್ಳುತ್ತೇನೆ. ಮೆರುಗು ಹಚ್ಚುವ ಮೊದಲು ಮುಚ್ಚಳದಡಿ ಸೀಸದ ಕಡ್ಡಿಯಲ್ಲಿ ನಿಮ್ಮ ಹೆಸರು, ಊರು, ಇಸವಿ ಬರೆಯಿರಿ. ಪ್ಲಾಸ್ಟಿಕ್ ಎಂದೂ ಬರೆಯಿರಿ, ನಾಚಿಕೆ ಬೇಡ, ಕೆಲಸ ಚಿನ್ನದಂಥದ್ದು.

ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಹಿಂದಂಚೆಯಲ್ಲಿ ಮನೆಗೆ ವರ್ಷಕ್ಕೆ ಒಂದೇ ಕಾಗದ. ನಿಮಗೆ ಇದು ನಾಲ್ಕನೆಯದು. ಯಾವುದಾದರೂ ಮುಟ್ಟಿದ್ದರೆ ನಿಮ್ಮ ಹೆಸರು ಇಷ್ಟು ಹೊತ್ತಿಗೆ ನನ್ನ ಪೆಟ್ಟಿಗೆಯಲ್ಲಿ ಇರಬೇಕಿತ್ತು. ಈಗಷ್ಟೇ ಮುಚ್ಚಳ ಎತ್ತಿ ನೋಡಿದೆ. ಬರೀ ಮರ.

ಆದರೂ ಅಂಟಿಸಿ ಕಳಿಸುತ್ತಿದ್ದೇನೆ. ತುಂಬೆಗೆ ಹೇಳಿಲ್ಲ. ಅವಳು ಹೊಸ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದಾಳೆ.